ತೂಕ ಇಳಿಕೆ ಅರ್ಧದಲ್ಲಿ ನಿಂತಾಗ: ಸಾರ್ವಜನಿಕರಿಗೆ ಮಾಹಿತಿ

ಮಧುಮೇಹ, ಅಧಿಕ ರಕ್ತದೊತ್ತಡ, ಮೊಣಕಾಲು ನೋವು ಮುಂತಾದ ಕಾರಣಗಳಿಗಾಗಿ ತೂಕ ಇಳಿಸಿಕೊಳ್ಳುವಂತೆ ವೈದ್ಯರಿಂದ ಸಲಹೆ ಪಡೆದವರಲ್ಲಿ ಹೆಚ್ಚಿನವರು ಮೊದಲ ಕೆಲವು ತಿಂಗಳುಗಳಲ್ಲಿ ಉತ್ತಮ ಫಲ ಕಾಣುತ್ತಾರೆ. ತದನಂತರ, ಸಾಮಾನ್ಯವಾಗಿ ಆರನೆಯ ತಿಂಗಳ ಆಸುಪಾಸಿನಲ್ಲಿ, ಊಟ ಮತ್ತು ನಡಿಗೆ ಹಿಂದಿನಂತೆಯೇ ಇದೆಯೆಂದು ತೋರಿದರೂ ತೂಕದ ಯಂತ್ರದ ಅಂಕಿ ಕದಲುವುದಿಲ್ಲ. ಇದನ್ನು ತೂಕ ಇಳಿಕೆಯ ಸ್ಥಗಿತಾವಸ್ಥೆ ಎಂದು ಕರೆಯಲಾಗುತ್ತದೆ. ಇದು ರೋಗವಲ್ಲ, ವ್ಯಕ್ತಿಯ ಮನೋಬಲದ ಕೊರತೆಯೂ ಅಲ್ಲ. ಆದರೆ ಈ ಹಂತದಲ್ಲಿ ಅನೇಕರು ನಿರಾಶರಾಗಿ ತಪಾಸಣೆಗೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ವೈದ್ಯರಿಗೆ ತಿಳಿಸದೆ ರಾತ್ರಿಯ ಊಟ ತ್ಯಜಿಸಿ, ಮಾತ್ರೆಗಳನ್ನು ಮಾತ್ರ ಹಿಂದಿನ ಪ್ರಮಾಣದಲ್ಲೇ ಸೇವಿಸುತ್ತಾರೆ. ತೂಕ ನಿಂತದ್ದಕ್ಕಿಂತ ಈ ಎರಡು ವರ್ತನೆಗಳಿಂದ ಆಗುವ ಹಾನಿಯೇ ದೊಡ್ಡದು. ಆದ್ದರಿಂದ ಸ್ಥಗಿತಾವಸ್ಥೆಯ ಕಾರಣಗಳು, ಅನುಸರಿಸಬಹುದಾದ ಕ್ರಮಗಳು ಹಾಗೂ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಲಭ್ಯವಿರುವ ಸೇವೆಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2019ರಿಂದ 2021ರ ಅವಧಿಯ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಸುಮಾರು ಶೇ. 30ರಷ್ಟು ಮಂದಿ ಅಧಿಕ ತೂಕ ಅಥವಾ ಸ್ಥೂಲಕಾಯ ಉಳ್ಳವರು. ಆದುದರಿಂದ ಈ ವಿಷಯವು ನಗರದ ಸ್ಥಿತಿವಂತರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು.

ತೂಕ ನಿಜವಾಗಿಯೂ ನಿಂತಿದೆಯೇ

ಒಂದು ವಾರ ಅಥವಾ ಹತ್ತು ದಿನ ತೂಕ ಬದಲಾಗದಿದ್ದರೆ ಅದನ್ನು ಸ್ಥಗಿತಾವಸ್ಥೆ ಎನ್ನಲಾಗದು. ಸತತವಾಗಿ 4 ವಾರಗಳ ಕಾಲ ತೂಕವಾಗಲೀ ಸೊಂಟದ ಸುತ್ತಳತೆಯಾಗಲೀ ಇಳಿಯದಿದ್ದಲ್ಲಿ ಮಾತ್ರ ಹಾಗೆ ಪರಿಗಣಿಸುವುದು ಸೂಕ್ತ. ದೇಹದಲ್ಲಿನ ನೀರಿನ ಅಂಶವು ದಿನದಿಂದ ದಿನಕ್ಕೆ ಒಂದೆರಡು ಕಿಲೋಗ್ರಾಂಗಳಷ್ಟು ಏರಿಳಿಯುತ್ತದೆ. ಹಿಂದಿನ ದಿನ ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿ ತಿಂದಿದ್ದರೆ, ಮಲಬದ್ಧತೆ ಇದ್ದರೆ, ಸ್ತ್ರೀಯರಲ್ಲಿ ಮುಟ್ಟಿನ ಮುಂಚಿನ ದಿನಗಳಾಗಿದ್ದರೆ, ಅಥವಾ ಹೊಸದಾಗಿ ಕಠಿಣ ವ್ಯಾಯಾಮ ಆರಂಭಿಸಿದ್ದರೆ ಕೊಬ್ಬು ಕರಗುತ್ತಿದ್ದರೂ ಯಂತ್ರವು ಅದನ್ನು ತೋರಿಸುವುದಿಲ್ಲ.

ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಶೌಚದ ನಂತರ ಹಾಗೂ ಉಪಾಹಾರಕ್ಕೆ ಮುನ್ನ, ಹಗುರವಾದ ಉಡುಪಿನಲ್ಲಿ ನೋಡಿ ಬರೆದಿಡತಕ್ಕದ್ದು. ಒಂದು ವಾರ ಮನೆಯಲ್ಲಿ, ಮರುವಾರ ಔಷಧ ಅಂಗಡಿಯಲ್ಲಿ, ಅದರ ಮರುವಾರ ಬಸ್ ನಿಲ್ದಾಣದ ನಾಣ್ಯ ಯಂತ್ರದಲ್ಲಿ ನೋಡಿದ ಅಂಕಿಗಳನ್ನು ಪರಸ್ಪರ ಹೋಲಿಸುವುದು ನಿರರ್ಥಕ. ಸೊಂಟದ ಸುತ್ತಳತೆಯನ್ನು ಕೊನೆಯ ಪಕ್ಕೆಲುಬು ಹಾಗೂ ಸೊಂಟದ ಮೂಳೆಯ ಮೇಲ್ತುದಿ ಇವುಗಳ ನಡುವೆ, ಉಸಿರು ಬಿಟ್ಟ ನಂತರ, ಟೇಪನ್ನು ಬಿಗಿಯದೆ ಅಳೆಯಬೇಕು. ಭಾರತೀಯರಿಗೆ ಪುರುಷರಲ್ಲಿ 90 ಸೆಂ.ಮೀ., ಸ್ತ್ರೀಯರಲ್ಲಿ 80 ಸೆಂ.ಮೀ. ಮಿತಿಯೆಂದು ಸ್ವೀಕರಿಸಲಾಗಿದೆ. ಎಷ್ಟೋ ಸಂದರ್ಭಗಳಲ್ಲಿ ತೂಕ ನಿಂತಿದ್ದರೂ ಸೊಂಟದ ಅಳತೆ ಇಳಿಯುತ್ತಿರುತ್ತದೆ. ಅಂಥವರು ಚಿಂತಿಸಬೇಕಾದುದಿಲ್ಲ.

ತೂಕ ಏಕೆ ನಿಲ್ಲುತ್ತದೆ

ದೇಹವು ತೂಕ ಕಳೆದುಕೊಳ್ಳುವುದನ್ನು ಬರಗಾಲವೆಂದೇ ಗ್ರಹಿಸುತ್ತದೆ. ವ್ಯಕ್ತಿಯು ವೈದ್ಯರ ಸಲಹೆಯಂತೆ ಉಣ್ಣುತ್ತಿದ್ದಾನೆಂಬುದು ಅದಕ್ಕೆ ತಿಳಿಯದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 1944-45ರಲ್ಲಿ ನಡೆಸಿದ ಅಧ್ಯಯನದಲ್ಲಿ 36 ಮಂದಿ ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿದ್ದರು. ಅವರ ತೂಕವು ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿಯಿತು; ಜೊತೆಗೆ ವಿಶ್ರಾಂತಿಯಲ್ಲಿ ದೇಹ ವ್ಯಯಿಸುವ ಶಕ್ತಿಯು ಶೇ. 40ರಷ್ಟು ಕುಸಿಯಿತು. ಅವರಿಗೆ ಸದಾ ಚಳಿಯೆನಿಸುತ್ತಿತ್ತು, ಯಾವ ಕೆಲಸದಲ್ಲೂ ಆಸಕ್ತಿ ಇರಲಿಲ್ಲ, ಊಟವೊಂದೇ ಮನಸ್ಸನ್ನು ಆವರಿಸಿತ್ತು. ಮಿತವಾಗಿ ತೂಕ ಇಳಿಸುವವರಲ್ಲಿ ಈ ಬದಲಾವಣೆಗಳು ಇಷ್ಟು ತೀವ್ರವಾಗಿರುವುದಿಲ್ಲವಾದರೂ ದಿಕ್ಕು ಅದೇ ಆಗಿರುತ್ತದೆ.

ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಮೊದಲನೆಯದಾಗಿ, ಹಗುರವಾದ ದೇಹಕ್ಕೆ ಕಡಿಮೆ ಶಕ್ತಿ ಸಾಕು. ಪ್ರತಿ ಕಿಲೋಗ್ರಾಂ ತೂಕ ಇಳಿದಾಗ ದಿನದ ಶಕ್ತಿವ್ಯಯವು ಅಂದಾಜು 20ರಿಂದ 30 ಕಿಲೋಕ್ಯಾಲೊರಿಗಳಷ್ಟು ಕಡಿಮೆಯಾಗುತ್ತದೆ. 82 ಕಿಲೋಗ್ರಾಂ ಇದ್ದವರು 75ಕ್ಕೆ ಇಳಿದರೆ ಅವರ ದೈನಂದಿನ ಅಗತ್ಯ 140ರಿಂದ 210 ಕಿಲೋಕ್ಯಾಲೊರಿಗಳಷ್ಟು ತಗ್ಗಿರುತ್ತದೆ. ಎರಡನೆಯದಾಗಿ, ಹಸಿವು ಹೆಚ್ಚುತ್ತದೆ. ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಪ್ರತಿ ಕಿಲೋಗ್ರಾಂ ಇಳಿಕೆಗೆ ಹಸಿವು ದಿನಕ್ಕೆ ಸುಮಾರು 100 ಕಿಲೋಕ್ಯಾಲೊರಿಗಳಷ್ಟು ಏರುತ್ತದೆ. ಅಂದರೆ ಮೇಲಿನ ಉದಾಹರಣೆಯ ವ್ಯಕ್ತಿಯ ದೇಹವು ದಿನಕ್ಕೆ 700 ಕಿಲೋಕ್ಯಾಲೊರಿಗಳಷ್ಟು ಹೆಚ್ಚು ಆಹಾರವನ್ನು ಬೇಡುತ್ತಿರುತ್ತದೆ. ಶಕ್ತಿವ್ಯಯದ ಇಳಿಕೆಗಿಂತ ಹಸಿವಿನ ಏರಿಕೆಯೇ ಹಲವು ಪಟ್ಟು ಬಲವಾದುದೆಂಬುದನ್ನು ಗಮನಿಸತಕ್ಕದ್ದು. ಹಸಿವಿಗೆ ಸಂಬಂಧಿಸಿದ ಹಾರ್ಮೋನುಗಳು ತೂಕ ಇಳಿದು ಒಂದು ವರ್ಷ ಕಳೆದ ಮೇಲೂ ಮೊದಲಿನ ಮಟ್ಟಕ್ಕೆ ಮರಳಿರುವುದಿಲ್ಲವೆಂದು ಆಸ್ಟ್ರೇಲಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಇದರ ಜೊತೆಗೆ ಅರಿವಿಲ್ಲದ ಚಲನೆಯೂ ತಗ್ಗುತ್ತದೆ. ಮಹಡಿ ಹತ್ತುವುದು, ನಿಂತು ಮಾತನಾಡುವುದು, ಅಂಗಡಿಗೆ ನಡೆದು ಹೋಗುವುದು ಇವೆಲ್ಲ ಗೊತ್ತಾಗದಂತೆ ಕಡಿಮೆಯಾಗುತ್ತವೆ. ಬೆಳಿಗ್ಗೆ ಅರ್ಧ ಗಂಟೆ ನಡೆದವರು ಉಳಿದ ದಿನವನ್ನು ಕುಳಿತೇ ಕಳೆಯುವುದು ಅಪರೂಪವೇನಲ್ಲ.

ಹಳೆಯ ಲೆಕ್ಕದ ದೋಷ

ಒಂದು ಕಿಲೋಗ್ರಾಂ ಇಳಿಯಲು 7,700 ಕಿಲೋಕ್ಯಾಲೊರಿ ಕಡಿತ ಸಾಕೆಂಬ ಲೆಕ್ಕವು 1958ರಿಂದ ಪ್ರಚಾರದಲ್ಲಿದ್ದು, ಇಂದಿಗೂ ಅನೇಕ ಆಹಾರ ಪಟ್ಟಿಗಳಲ್ಲಿ ಮುದ್ರಿತವಾಗುತ್ತಿದೆ. ಅದರಂತೆ ದಿನಕ್ಕೆ 240 ಕಿಲೋಕ್ಯಾಲೊರಿ ಕಡಿಮೆ ಮಾಡಿದವರು ಒಂದೇ ವರ್ಷದಲ್ಲಿ 11 ಕಿಲೋಗ್ರಾಂಗೂ ಹೆಚ್ಚು ಇಳಿಯಬೇಕು. ದೇಹದ ಹೊಂದಾಣಿಕೆಯನ್ನು ಗಣನೆಗೆ ತೆಗೆದುಕೊಂಡು 2011ರಲ್ಲಿ ಪ್ರಕಟಿಸಲಾದ ಮಾದರಿಯಂತೆ ಅದೇ ಕಡಿತದಿಂದ ಒಟ್ಟು ಸುಮಾರು 10 ಕಿಲೋಗ್ರಾಂ ಇಳಿಯುತ್ತದಾದರೂ, ಮೊದಲ ವರ್ಷದಲ್ಲಿ ಅದರ ಅರ್ಧದಷ್ಟು ಮಾತ್ರ ಇಳಿದು, ಬಹುಪಾಲು ಪೂರ್ಣಗೊಳ್ಳಲು 3 ವರ್ಷ ಹಿಡಿಯುತ್ತದೆ. ಹಳೆಯ ಲೆಕ್ಕವನ್ನು ನಂಬಿದವರು ಐದು ಕಿಲೋಗ್ರಾಂ ಇಳಿದೂ ತಾವು ಸೋತೆವೆಂದು ಭಾವಿಸುತ್ತಾರೆ. ಸೋತಿರುವುದು ಲೆಕ್ಕವೇ ಹೊರತು ಅವರಲ್ಲ.

ಇದೇ ಮಾದರಿಯು ಇನ್ನೊಂದು ಅಪ್ರಿಯ ಸಂಗತಿಯನ್ನೂ ತಿಳಿಸುತ್ತದೆ. ಆಹಾರದ ಕಡಿತ ಒಂದೇ ಸಮನಾಗಿದ್ದರೆ ಇಳಿಕೆಯು ನಿಧಾನವಾಗಿಯಾದರೂ ವರ್ಷಕ್ಕೂ ಮೀರಿ ಮುಂದುವರಿಯಬೇಕು. ಆರನೆಯ ತಿಂಗಳಿಗೇ ಅದು ಪೂರ್ತಿ ನಿಂತಿದೆಯೆಂದರೆ ಊಟದ ಪ್ರಮಾಣ ತಿಳಿಯದಂತೆ ಹಿಂದಿನ ಮಟ್ಟದತ್ತ ಸರಿದಿರುವ ಸಾಧ್ಯತೆಯೇ ಹೆಚ್ಚು.

ಅಳತೆ ತಪ್ಪುವ ಊಟ

ಮೇಲಿನ ಮಾತನ್ನು ಆಪಾದನೆಯೆಂದು ತಿಳಿಯಬಾರದು. ಎಷ್ಟೇ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲವೆಂದು ದೂರಿದವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರ ಚಯಾಪಚಯ ಕ್ರಿಯೆ ಸಹಜವಾಗಿಯೇ ಇದ್ದು, ಅವರು ವರದಿ ಮಾಡಿದ ಆಹಾರ ನೈಜ ಸೇವನೆಗಿಂತ ಸರಾಸರಿ ಶೇ. 47ರಷ್ಟು ಕಡಿಮೆಯಿತ್ತು. ಅವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಹಸಿದ ಕಣ್ಣು ಅಳತೆಯಲ್ಲಿ ತಪ್ಪುತ್ತದೆ.

ನಮ್ಮ ಅಡುಗೆಮನೆಗಳಲ್ಲಿ ಈ ತಪ್ಪು ಹೆಚ್ಚಾಗಿ ಸಂಭವಿಸುವುದು ಎಣ್ಣೆ, ಕಾಯಿತುರಿ, ಸಕ್ಕರೆ ಹಾಗೂ ಹಿಡಿಯಲ್ಲಿ ಎತ್ತಿಕೊಳ್ಳುವ ತಿನಿಸುಗಳಲ್ಲಿ. ಒಂದು ಚಹಾ ಚಮಚ ಎಣ್ಣೆಯಲ್ಲಿ 45, ಒಂದು ಚಹಾ ಚಮಚ ಸಕ್ಕರೆಯಲ್ಲಿ 20 ಕಿಲೋಕ್ಯಾಲೊರಿಗಳಿವೆ. ಒಗ್ಗರಣೆಗೆ ಎಣ್ಣೆಯನ್ನು ಬಾಟಲಿಯಿಂದ ನೇರವಾಗಿ ಸುರಿಯುವ ಮನೆಗಳಲ್ಲಿ ಎರಡು ಚಮಚವೆಂದುಕೊಂಡದ್ದು ನಾಲ್ಕೈದು ಚಮಚವಾಗಿರುತ್ತದೆ. ಗಟ್ಟಿ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಲೋಟ ಕಾಫಿಯಲ್ಲಿ ಸುಮಾರು 100 ಕಿಲೋಕ್ಯಾಲೊರಿಗಳಿದ್ದು, ಕಛೇರಿಯಲ್ಲಿ ಮೂರು ಬಾರಿ ಕುಡಿದರೆ ಅದೇ ಒಂದು ಸಣ್ಣ ಊಟಕ್ಕೆ ಸಮ. 75 ಕಿಲೋಗ್ರಾಂ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದಾಗ ವ್ಯಯವಾಗುವುದು ಸುಮಾರು 130 ಕಿಲೋಕ್ಯಾಲೊರಿ ಮಾತ್ರ. ನಡಿಗೆ ಮುಗಿಸಿ ಹೋಟೆಲಿನಲ್ಲಿ ವಡೆ, ಕಾಫಿ ಸೇವಿಸುವ ಅಭ್ಯಾಸವುಳ್ಳವರು ಇದನ್ನು ಗಮನದಲ್ಲಿಡಬೇಕು.

ಅಕ್ಕಿಯ ಬದಲು ರಾಗಿ ಅಥವಾ ಸಿರಿಧಾನ್ಯ ತಿಂದರೆ ಎಷ್ಟು ತಿಂದರೂ ತೂಕ ಇಳಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ರಾಗಿಯಲ್ಲಿ ನಾರಿನಂಶವೂ ಸುಣ್ಣದಂಶವೂ ಹೆಚ್ಚಿದ್ದು ಅದು ಉತ್ತಮ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲೊರಿಗಳಿವೆ, ಅಂತರ ಅಲ್ಪ. ಮುದ್ದೆಯ ಗಾತ್ರ ದೊಡ್ಡದಾದರೆ, ಮುದ್ದೆಯ ನಂತರ ಅನ್ನವೂ ಬಂದರೆ, ಲಾಭವೇನೂ ಉಳಿಯುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು. ಸ್ಥಗಿತಾವಸ್ಥೆಯಲ್ಲಿರುವವರಿಗೆ ಈ ಸಲಹೆ ವಿಶೇಷವಾಗಿ ಅನ್ವಯಿಸುತ್ತದೆ. ಧಾನ್ಯದ ಒಂದು ಭಾಗವನ್ನು ತಗ್ಗಿಸಿ ಆ ಜಾಗದಲ್ಲಿ ಬೇಳೆ, ಮೊಳಕೆ ಕಾಳು, ಮಜ್ಜಿಗೆ, ಮೊಟ್ಟೆ ಅಥವಾ ಮೀನು ಸೇರಿಸುವುದರಿಂದ ಪ್ರೋಟೀನ್ ಹೆಚ್ಚಿ, ಸ್ನಾಯು ಕರಗುವುದು ಕಡಿಮೆಯಾಗುತ್ತದೆ. ಹಸಿವೂ ಬೇಗನೆ ಮರುಕಳಿಸುವುದಿಲ್ಲ. ತೆಳುವಾದ ತಿಳಿಸಾರಿನಲ್ಲಿ ಬೇಳೆಯ ಅಂಶ ಅತ್ಯಲ್ಪವಾಗಿರುವುದರಿಂದ ಅದನ್ನು ಪ್ರೋಟೀನಿನ ಲೆಕ್ಕಕ್ಕೆ ಸೇರಿಸಲಾಗದು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಒಂದು ವಾರದ ಮಟ್ಟಿಗೆ ತಿಂದದ್ದನ್ನೆಲ್ಲ ತಿಂದ ಕೂಡಲೆ, ಚಮಚ ಹಾಗೂ ಲೋಟದ ಅಳತೆಯಲ್ಲಿ, ಪುಸ್ತಕವೊಂದರಲ್ಲಿ ಬರೆದಿಡುವುದು ಸೂಕ್ತ. ಮದುವೆ, ನಾಮಕರಣ, ಹಬ್ಬದ ದಿನಗಳನ್ನೂ ಬಿಡಬಾರದು. ಮನೆಯಲ್ಲಿ ಅಡುಗೆ ಮಾಡುವವರು ಬೇರೆಯವರಾಗಿದ್ದಲ್ಲಿ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆಂಬುದನ್ನು ಅವರಿಂದ ಕೇಳಿ ತಿಳಿದು, ಮನೆಯ ಸದಸ್ಯರ ಸಂಖ್ಯೆಯಿಂದ ಭಾಗಿಸಿದರೆ ನಿಜಸ್ಥಿತಿ ಗೊತ್ತಾಗುತ್ತದೆ.

ವ್ಯಾಯಾಮದ ಬಗ್ಗೆ

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಹಾಗೂ ವಾರದಲ್ಲಿ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಬಹುತೇಕರು ಎರಡನೆಯ ಭಾಗವನ್ನು ಕೈಬಿಡುತ್ತಾರೆ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಇದಕ್ಕೆ ಸಾಕಾಗುತ್ತವೆ. ಶುಲ್ಕ ತೆತ್ತು ವ್ಯಾಯಾಮಶಾಲೆಗೆ ಹೋಗಲೇಬೇಕೆಂದಿಲ್ಲ. ಎದೆನೋವು, ಉಬ್ಬಸ, ಪಾದದಲ್ಲಿ ಹುಣ್ಣು ಇರುವವರು ಮೊದಲು ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ಔಷಧಿ ಸೇವಿಸುತ್ತಿರುವವರು ಗಮನಿಸಬೇಕಾದುದು

ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳನ್ನು ಅಥವಾ ಇನ್ಸುಲಿನ್ ಪಡೆಯುತ್ತಿರುವ ಮಧುಮೇಹಿಗಳು ತೂಕ ನಿಂತಿತೆಂದು ತಾವಾಗಿಯೇ ಊಟ ಬಿಡುವುದು ಅಪಾಯಕರ. ಇದರಿಂದ ರಕ್ತದ ಸಕ್ಕರೆ ಅಂಶ, ವಿಶೇಷವಾಗಿ ರಾತ್ರಿಯ ವೇಳೆ, ಮಿತಿಮೀರಿ ಕುಸಿಯಬಹುದು. ಬೆವರು, ನಡುಕ, ಎದೆ ಬಡಿತ, ವಿಪರೀತ ಹಸಿವು, ಮಾತು ತಡವರಿಸುವುದು ಇದರ ಲಕ್ಷಣಗಳು. ಪ್ರಜ್ಞೆ ಇದ್ದರೆ ಕೂಡಲೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಗಳ ನಂತರವೂ ಲಕ್ಷಣಗಳಿದ್ದಲ್ಲಿ ಪುನಃ ನೀಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108 ಆಂಬುಲೆನ್ಸ್ ಕರೆಸತಕ್ಕದ್ದು. ಏಕಾದಶಿ, ಶಿವರಾತ್ರಿ ಅಥವಾ ರಂಜಾನ್ ಉಪವಾಸ ಆಚರಿಸುವವರು ಔಷಧಿಯ ಪ್ರಮಾಣವನ್ನು ಮುಂಚಿತವಾಗಿ ವೈದ್ಯರಲ್ಲಿ ಚರ್ಚಿಸಬೇಕು.

ಇನ್ಸುಲಿನ್ ಹಾಗೂ ಮೇಲೆ ಹೇಳಿದ ಮಾತ್ರೆಗಳು, ಸ್ಟೀರಾಯ್ಡ್‌ಗಳು, ಅಟೆನೊಲಾಲ್, ಮೂರ್ಛೆರೋಗಕ್ಕೆ ನೀಡುವ ಸೋಡಿಯಂ ವಾಲ್‌ಪ್ರೊಯೇಟ್, ಮಾನಸಿಕ ಕಾಯಿಲೆಗೆ ನೀಡುವ ಒಲಾಂಜಪೈನ್ ಇವುಗಳಿಂದ ತೂಕ ಏರಬಹುದು ಅಥವಾ ಇಳಿಕೆ ನಿಲ್ಲಬಹುದು. ಹಾಗೆಂದು ಯಾವುದನ್ನೂ ಸ್ವತಃ ನಿಲ್ಲಿಸಬಾರದು. ಬದಲಿ ಔಷಧಿ ಇದೆಯೇ ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗೆ ಇದ್ದೇ ಇದೆ. ಅತಿಯಾದ ಆಯಾಸ, ಮಲಬದ್ಧತೆ, ಚಳಿ ತಡೆಯಲಾಗದಿರುವುದು ಇದ್ದಲ್ಲಿ ಥೈರಾಯ್ಡ್ ಪರೀಕ್ಷೆಯೂ, ಮುಟ್ಟು ಏರುಪೇರಾಗಿರುವ ಯುವತಿಯರಲ್ಲಿ ಅಂಡಾಶಯದ ಪರೀಕ್ಷೆಯೂ ಅಗತ್ಯವಾಗಬಹುದು. ಗರ್ಭಿಣಿಯರು ತೂಕ ಇಳಿಸುವ ಆಹಾರ ಪದ್ಧತಿ ಅನುಸರಿಸಬಾರದು.

2025ರಿಂದ ಭಾರತದಲ್ಲಿ ತೂಕ ಇಳಿಕೆಗೆಂದು ಲಭ್ಯವಾಗಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಮುಖ್ಯವಾಗಿ ಹಸಿವನ್ನು ತಗ್ಗಿಸಿ ಕೆಲಸ ಮಾಡುತ್ತವೆ. ಅವುಗಳಲ್ಲಿಯೂ ಒಂದರಿಂದ ಒಂದೂವರೆ ವರ್ಷದೊಳಗೆ ತೂಕ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ನಿಲ್ಲಿಸಿದರೆ ಕಳೆದ ತೂಕದ ಬಹುಭಾಗ ಮರಳುತ್ತದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಬಳಸತಕ್ಕದ್ದಲ್ಲ. ಒಳಗೇನಿದೆಯೆಂದು ನಮೂದಿಸದ ತೂಕ ಇಳಿಸುವ ಪುಡಿ, ಕಷಾಯ, ಮಾತ್ರೆಗಳಿಂದ ದೂರವಿರುವುದು ಕ್ಷೇಮ. ಹೃದಯಕ್ಕೆ ಹಾನಿಕರವೆಂದು 2011ರಲ್ಲಿ ಭಾರತದಲ್ಲಿ ನಿಷೇಧಿಸಲಾದ ಸಿಬುಟ್ರಮೈನ್ ಎಂಬ ಔಷಧವು ಇಂತಹ ಉತ್ಪನ್ನಗಳಲ್ಲಿ ಬೆರೆತಿರುವುದು ಹಲವು ದೇಶಗಳಲ್ಲಿ ಪತ್ತೆಯಾಗಿದೆ.

ತೂಕವೊಂದೇ ಮಾನದಂಡವಲ್ಲ

ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮಧುಮೇಹ ಬರುವ ಹಂತದಲ್ಲಿದ್ದ 531 ಮಂದಿ ಭಾಗವಹಿಸಿದ್ದರು. ಆಹಾರ ಹಾಗೂ ನಡಿಗೆಯ ಕ್ರಮ ಪಾಲಿಸಿದವರಲ್ಲಿ ಮೂರು ವರ್ಷಗಳಲ್ಲಿ ಮಧುಮೇಹದ ಸಂಭವವು ಶೇ. 28.5ರಷ್ಟು ತಗ್ಗಿತು. ಅವರ ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ನಿಂತಿರುವಾಗಲೂ ಒಳ್ಳೆಯ ಊಟ ಮತ್ತು ನಡಿಗೆ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ಆರಂಭದ ತೂಕದ ಶೇ. 5ರಿಂದ 10ರಷ್ಟು ಇಳಿಕೆಯೇ ರಕ್ತದೊತ್ತಡ ಹಾಗೂ ಸಕ್ಕರೆಯಲ್ಲಿ ಸುಧಾರಣೆ ತರುತ್ತದೆ. 82 ಕಿಲೋಗ್ರಾಂ ಇದ್ದವರಿಗೆ ಇದು 4ರಿಂದ 8 ಕಿಲೋಗ್ರಾಂ. ಅಷ್ಟು ಇಳಿದು ನಿಂತವರು ಇನ್ನಷ್ಟು ಇಳಿಸಲು ಆತುರಪಡುವ ಬದಲು ಆರು ತಿಂಗಳ ಕಾಲ ಅದೇ ತೂಕವನ್ನು ಕಾಯ್ದುಕೊಳ್ಳುವುದು ಉಚಿತ. ಇಳಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಮತ್ತೆ ಇಳಿಸಲೇಬೇಕಾದಲ್ಲಿ ದಿನಕ್ಕೆ 150ರಿಂದ 200 ಕಿಲೋಕ್ಯಾಲೊರಿಗಳಷ್ಟು ಹೊಸ ಕಡಿತ ಸಾಕು, ಊಟವನ್ನೇ ಬಿಡಬೇಕಾಗಿಲ್ಲ.

ತೂಕ ಇಳಿದದ್ದೆಲ್ಲವೂ ಶುಭವಲ್ಲವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ. ತಿಂಗಳುಗಟ್ಟಲೆ ನಿಂತಿದ್ದ ತೂಕ ಪ್ರಯತ್ನವಿಲ್ಲದೆ ವೇಗವಾಗಿ ಇಳಿಯತೊಡಗಿದರೆ, ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರವಿಸರ್ಜನೆ, ಎರಡು ವಾರ ಮೀರಿದ ಕೆಮ್ಮು ಅಥವಾ ಸಂಜೆಯ ಜ್ವರ ಇದ್ದರೆ, ಸಕ್ಕರೆ ನಿಯಂತ್ರಣ ತಪ್ಪಿರುವ ಅಥವಾ ಕ್ಷಯರೋಗದ ಸಾಧ್ಯತೆ ಇರುವುದರಿಂದ ವಿಳಂಬವಿಲ್ಲದೆ ತಪಾಸಣೆಗೆ ಬರತಕ್ಕದ್ದು.

ಲಭ್ಯವಿರುವ ಸೇವೆಗಳು

30 ವರ್ಷ ಮೇಲ್ಪಟ್ಟ ಎಲ್ಲರಿಗೂ ಅಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾರ್ಯಕ್ರಮದಡಿ ರಕ್ತದೊತ್ತಡ ಹಾಗೂ ಮಧುಮೇಹ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಉಚಿತವಾಗಿ ನಡೆಸಲಾಗುತ್ತದೆ. ನಗರವಾಸಿಗಳು 2022ರಲ್ಲಿ ಆರಂಭವಾದ ನಮ್ಮ ಕ್ಲಿನಿಕ್‌ಗಳನ್ನು ಸಂಪರ್ಕಿಸಬಹುದಾಗಿದೆ. ಹೆಚ್ಚಿನ ಪರೀಕ್ಷೆ ಬೇಕಾದವರನ್ನು ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳ ಎನ್.ಸಿ.ಡಿ. ಕ್ಲಿನಿಕ್‌ಗೆ ಕಳುಹಿಸಲಾಗುತ್ತದೆ. ಪ್ರಯಾಣ ಕಷ್ಟವಾಗಿರುವವರಿಗೆ ಇ-ಸಂಜೀವಿನಿ ಮೂಲಕ ವೈದ್ಯರೊಂದಿಗೆ ಉಚಿತ ದೂರ ಸಮಾಲೋಚನೆ ಲಭ್ಯವಿದೆ. ಊಟದ ಬಗ್ಗೆ ಅತಿಯಾದ ಭಯ, ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ಗುಟ್ಟಾಗಿ ಅತಿಯಾಗಿ ತಿನ್ನುವುದು ಅಥವಾ ಖಿನ್ನತೆ ಇರುವವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವುದೇ ವೇಳೆಯಲ್ಲಿ ಕರೆ ಮಾಡಬಹುದು.

ತಪಾಸಣೆಗೆ ಬರುವಾಗ ಹಿಂದಿನ ಚೀಟಿಗಳು, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು ಅಥವಾ ಖಾಲಿ ಹೊದಿಕೆಗಳು (ಅಂಗಡಿಯಿಂದ ತಂದ ಪುಡಿ, ಕಷಾಯಗಳದ್ದೂ ಸೇರಿ), ನಾಲ್ಕು ವಾರಗಳ ತೂಕ ಹಾಗೂ ಸೊಂಟದ ಅಳತೆ ಮತ್ತು ಒಂದು ವಾರ ಬರೆದಿಟ್ಟ ಊಟದ ಪುಸ್ತಕವನ್ನು ತರುವುದು. ಆಭಾ ಸಂಖ್ಯೆ ಇದ್ದವರು ಅದನ್ನು ತಿಳಿಸಿದಲ್ಲಿ ಹಳೆಯ ದಾಖಲೆಗಳನ್ನು ಜೋಡಿಸಲು ಅನುಕೂಲವಾಗುತ್ತದೆ. ಅದನ್ನು ಪಡೆಯುವುದು ಸ್ವಯಂಪ್ರೇರಿತ. ಬರಿಹೊಟ್ಟೆಯ ರಕ್ತಪರೀಕ್ಷೆ ಸೂಚಿಸಿದ್ದಲ್ಲಿ ಬೆಳಿಗ್ಗೆಯ ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ನನ್ನು ಮನೆಯಲ್ಲಿ ತೆಗೆದುಕೊಳ್ಳದೆ ಜೊತೆಗೆ ತಂದು, ರಕ್ತ ನೀಡಿದ ನಂತರ ಉಪಾಹಾರದೊಂದಿಗೆ ವೈದ್ಯರು ತಿಳಿಸಿದಂತೆ ತೆಗೆದುಕೊಳ್ಳತಕ್ಕದ್ದು.